ಮನೆಯ ಭರಣಿ, ಅಂಗಡಿಯ ಬಾಟಲಿ

ಕೊಡಗು ನೋಡಿ ಬಂದ ನೆಂಟರ ಚೀಲ ಬಿಚ್ಚಿದಾಗ ಏನೇನು ಹೊರಗೆ ಬರುತ್ತದೆ, ಹೇಳಿ? ಒಂದು ಪೊಟ್ಟಣ ಕಾಫಿಪುಡಿ, ಹಿಡಿ ಏಲಕ್ಕಿ, ಕರಿಮೆಣಸು, ಜೇನಿನ ಸೀಸೆ, ಮಕ್ಕಳಿಗೆಂದು ಚಾಕೊಲೇಟು... ಇಷ್ಟರ ನಡುವೆ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಇನ್ನೊಂದು ಬಾಟಲಿ. "ಇದೇನ್ರೀ ಇದು?" ಎಂದರೆ, "ಹೋಂ ಮೇಡ್ ವೈನು ಕಣ್ರೀ. ಏನೂ ಆಗಲ್ಲ, ಬರೀ ಹಣ್ಣಿನ ರಸ. ರಕ್ತ ಚೆನ್ನಾಗಿ ಆಗುತ್ತಂತೆ, ಮಕ್ಕಳಿಗೂ ಒಂದೊಂದು ಚಮಚ ಕೊಡಬಹುದಂತೆ!"

ಈ 'ಅಂತೆ'ಗಳೇ ನನ್ನನ್ನು ಇವತ್ತು ಬರೆಯಲು ಕೂರಿಸಿದ್ದು. "ಛೀ, ಕುಡಿತದ ಸುದ್ದಿ ನಮಗ್ಯಾಕೆ?" ಎಂದು ಮೂಗು ಮುರಿದು ಪುಟ ತಿರುವಬೇಡಿ. ಈ ಬಾಟಲಿ ಹುಟ್ಟುವುದು ಅಡಿಗೆಮನೆಯಲ್ಲಿ, ನಮ್ಮಂಥ ಗೃಹಿಣಿಯರ ಕೈಯಲ್ಲಿ. ಕೊನೆಗೆ ಬಂದು ಸೇರುವುದೂ ಒಬ್ಬ ಗೃಹಿಣಿಯ ಕಪಾಟನ್ನೇ. ನಡುವೆ ಅದು ಯಾರ ಯಾರ ಕೈ ದಾಟಿತು ಎಂಬುದಷ್ಟೇ ಯಾರಿಗೂ ತಿಳಿಯದು. ಬನ್ನಿ, ಒಂದು ಸುತ್ತು ಹೋಗಿ ನೋಡಿಬರೋಣ.

ಅಂಗಡಿ ಸಾಲಿನಲ್ಲಿ

ಮಡಿಕೇರಿಗೆ ಬಂದವರು ರಾಜಾಸೀಟಿನಲ್ಲಿ ಮಂಜು ನೋಡಿ, ಓಂಕಾರೇಶ್ವರನಿಗೆ ಕೈಮುಗಿದು, ಆಮೇಲೆ ಕಾಲಿಡುವುದು ಮಸಾಲೆ ಅಂಗಡಿಗಳಿಗೆ. ಕಪಾಟಿನ ಮೇಲೆ ಬಣ್ಣ ಬಣ್ಣದ ಬಾಟಲಿಗಳ ಸಾಲು ನೋಡಿದರೆ ನಿಮಗೆ ನವರಾತ್ರಿ ಗೊಂಬೆಯ ನೆನಪಾದೀತು. ದ್ರಾಕ್ಷಿ, ನೆಲ್ಲಿಕಾಯಿ, ಶುಂಠಿ, ಅನಾನಸು, ಪ್ಯಾಶನ್ ಹಣ್ಣು... ಇವೆಲ್ಲ ಸರಿಯೇ. ಆದರೆ ವೀಳ್ಯದೆಲೆಯ ವೈನು, ಸೂಜಿಮೆಣಸಿನ ವೈನು ಅಂತಲೂ ಇದೆ! ಸೂಜಿಮೆಣಸು ಎಂದರೆ ಗಾಂಧಾರಿ ಮೆಣಸು. ಚಟ್ನಿಗೆ ಎರಡು ಹೆಚ್ಚು ಬಿದ್ದರೆ ಕಣ್ಣಲ್ಲಿ ನೀರು ಬರಿಸುತ್ತದಲ್ಲ, ಅದೇ.

ಒಂದು ಬಾಟಲಿ ಕೈಗೆತ್ತಿಕೊಂಡು ತಿರುಗಿಸಿ ನೋಡಿ. ಹಣ್ಣಿನ ಚಿತ್ರ ಇರುತ್ತದೆ, 'ಹೋಂ ಮೇಡ್' ಎಂದೂ ಬರೆದಿರುತ್ತದೆ. ಯಾವ ಮನೆ? ಮಾಡಿದವರು ಯಾರು? ಯಾವತ್ತು ಮಾಡಿದ್ದು? ಎಷ್ಟೋ ಬಾಟಲಿಗಳ ಮೇಲೆ ಇದೊಂದೂ ಕಾಣುವುದಿಲ್ಲ. ಉಪ್ಪಿನಕಾಯಿ ಡಬ್ಬಿಯ ಮೇಲೂ ತಯಾರಕರ ಹೆಸರು, ವಿಳಾಸ ಹುಡುಕುವ ನಾವು, ಇಲ್ಲಿ 'ಮನೆ' ಎಂಬ ಒಂದೇ ಮಾತಿಗೆ ಮರುಳಾಗಿ ದುಡ್ಡು ಕೊಟ್ಟು ಬರುತ್ತೇವೆ.

ಭರಣಿಯ ಒಳಗೆ

ಅಂಗಡಿ ಬಿಟ್ಟು ಒಂದು ಮನೆಗೆ ಹೋಗೋಣ. ಮಾರಾಟಕ್ಕಲ್ಲ, ಮನೆ ಮಟ್ಟಿಗೆ ವರ್ಷಕ್ಕೊಂದು ಭರಣಿ ಹಾಕುತ್ತಿದ್ದ ಹಿರಿಯ ಗೃಹಿಣಿ ಒಬ್ಬರು ವಿವರಿಸಿದ ಕ್ರಮವಿದು. ಉಪ್ಪಿನಕಾಯಿಗೆ ಇಟ್ಟುಕೊಳ್ಳುವಂಥದೇ ಪಿಂಗಾಣಿ ಭರಣಿ. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಪಾತ್ರೆ ಮುಟ್ಟಿಸುವ ಹಾಗಿಲ್ಲ, ಹುಳಿ ಲೋಹವನ್ನು ತಿನ್ನುತ್ತದೆ. ತೊಳೆದು ಒರೆಸಿ ಕಿವುಚಿದ ಹಣ್ಣು, ಕಾಯಿಸಿ ಆರಿಸಿದ ನೀರು, ಸಕ್ಕರೆ, ಸ್ವಲ್ಪ ಯೀಸ್ಟು, ಕೆಲವರ ಲೆಕ್ಕದಲ್ಲಿ ಒಂದು ಹಿಡಿ ಗೋಧಿ. ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಕತ್ತಲ ಮೂಲೆಯಲ್ಲಿಟ್ಟು, ದಿನಕ್ಕೊಮ್ಮೆ ಮರದ ಸೌಟಿನಿಂದ ಕದಡಬೇಕು. 21 ದಿನವಾದ ಮೇಲೆ ಸೋಸಿ, ಗಷ್ಟು ತಳಕ್ಕೆ ಇಳಿಯಲೆಂದು ಮತ್ತೆ 21 ದಿನ ಹಾಗೇ ಬಿಡುವುದು. ಬಣ್ಣಕ್ಕೆ ಬೇರೇನೂ ಬೇಡ, ಸಕ್ಕರೆಯನ್ನೇ ಬಾಣಲೆಯಲ್ಲಿ ಕಂದಾಗಿ ಸುಟ್ಟು ಹಾಕಿದರಾಯಿತು.

"ನಾಲ್ಕನೇ ದಿನ ಭರಣಿಗೆ ಕಿವಿ ಕೊಟ್ಟು ಕೇಳಬೇಕು ನೀವು, ಮಳೆ ಹನಿದ ಹಾಗೆ ಸಣ್ಣಗೆ ಸದ್ದು ಮಾಡ್ತಾ ಇರುತ್ತೆ" ಎಂದರು ಅವರು.

ಆ ಸದ್ದು ಏನು ಗೊತ್ತೇ? ಇಡ್ಲಿ ಹಿಟ್ಟು ಉಬ್ಬುವಾಗ ಆಗುವ ಕೆಲಸವೇ ಇಲ್ಲೂ ಬೇರೆ ಬಗೆಯಲ್ಲಿ ಆಗುತ್ತದೆ. ಯೀಸ್ಟು ಎಂಬ ಕಣ್ಣಿಗೆ ಕಾಣದ ಜೀವಿ ಹಣ್ಣಿನ ಸಕ್ಕರೆಯನ್ನು ತಿಂದು ಎರಡು ವಸ್ತು ಹೊರಗೆ ಬಿಡುತ್ತದೆ. ಒಂದು ಗಾಳಿ, ಅಂದರೆ ಇಂಗಾಲದ ಡೈಆಕ್ಸೈಡ್. ಇನ್ನೊಂದು ಮದ್ಯಸಾರ. ಇದು ಯೀಸ್ಟಿನ ಕೆಲಸ ಎಂದು ಪ್ರಯೋಗ ಮಾಡಿ ತೋರಿಸಿದವರು ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್, 1850–60ರ ದಶಕಗಳಲ್ಲಿ. ಹುದುಗು ನಿಲ್ಲುವ ಮೊದಲೇ ಬಾಟಲಿಗೆ ತುಂಬಿ ಬಿರಡೆ ಬಿಗಿದರೆ ಗಾಳಿ ಹೋಗಲು ದಾರಿಯಿಲ್ಲದೆ ಬಾಟಲಿ ಸಿಡಿಯುವುದೂ ಉಂಟು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಸಕ್ಕರೆ ಚೆನ್ನಾಗಿ ಹಾಕಿ ಪೂರ್ತಿ ಹುದುಗಿಸಿದ ಮನೆ ವೈನಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 8ರಿಂದ 14 ಪಾಲು ಮದ್ಯಸಾರ ಇರುತ್ತದೆ. ಅಂಗಡಿಯ ಬಿಯರಿನಲ್ಲಿ ಇರುವುದಕ್ಕಿಂತ ಇದು ಹೆಚ್ಚೇ. "ಬರೀ ಹಣ್ಣಿನ ರಸ" ಎಂಬ ಮಾತು ಭರಣಿಗೆ ಬಟ್ಟೆ ಕಟ್ಟಿದ ಮೊದಲ ದಿನಕ್ಕೆ ಮಾತ್ರ ನಿಜ!

ಬಿಸಿಲಿಲ್ಲದ ಊರಿನ ಉಪಾಯ

ಹಾಗಾದರೆ ಕೊಡಗಿನ ಮನೆಗಳಿಗೆ ಈ ಅಭ್ಯಾಸ ಹೇಗೆ ಒಗ್ಗಿತು? ಬಯಲುಸೀಮೆಯ ನಿಮಗೆ ಬಿಸಿಲೆಂಬ ಭಾಗ್ಯವಿದೆ. ಹಪ್ಪಳ, ಸಂಡಿಗೆ, ಬಾಳಕ, ಎಲ್ಲ ಮಾಳಿಗೆ ಮೇಲೆ ಒಣಗುತ್ತದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಉಟ್ಟ ಬಟ್ಟೆಯೇ ಒಲೆಯ ಮೇಲ್ಗಡೆ ಒಣಗಬೇಕು. ತೋಟದಲ್ಲಿ ಹಣ್ಣು ರಾಶಿ ಬಿದ್ದರೆ ಏನು ಮಾಡುವುದು? ಬಿಸಿಲು ಬೇಡದ ಉಪಾಯಗಳನ್ನೇ ಹುಡುಕಬೇಕು.

ಇಲ್ಲಿಯ ಕಾಚಂಪುಳಿ ಅಂಥದೇ ಒಂದು ಉಪಾಯ. ನೀವು ಉಪ್ಪಾಗೆ ಎನ್ನುವ ಮರದ ಹಣ್ಣನ್ನು ಮಳೆಗಾಲದಲ್ಲಿ ಆಯ್ದು, ಬುಟ್ಟಿಯಲ್ಲಿ ತುಂಬಿ, ಕೆಳಗೆ ಪಾತ್ರೆ ಇಡುತ್ತಾರೆ. ಹಣ್ಣು ಕಳಿತು ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಕುದಿಸಿ ಕುದಿಸಿ ಕಾಡಿಗೆಯಂತೆ ಕಪ್ಪಗೆ, ದಪ್ಪಗೆ ಮಾಡಿ ಸೀಸೆಗೆ ತುಂಬಿದರೆ ವರ್ಷಗಟ್ಟಲೆ ಕೆಡದು. ಪಂದಿಕರಿಗೂ ಮೀನಿನ ಸಾರಿಗೂ ನಾಲ್ಕು ತೊಟ್ಟು ಸಾಕು. ಅದರಲ್ಲಿ ಮತ್ತೂ ಇಲ್ಲ, ಭಯವೂ ಇಲ್ಲ.

ಇನ್ನು ಮದ್ಯದ ವಿಷಯ. ಕೊಡವರ ಮನೆಗಳಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕಡಂಬುಟ್ಟು, ಮಾಂಸದ ಅಡಿಗೆಯ ಜೊತೆ ಮದ್ಯಕ್ಕೂ ಸ್ಥಾನವಿದೆ. ಕಾರಣರಿಗೆ, ಅಂದರೆ ಕುಲದ ಹಿರಿಯರಿಗೆ, ಎಡೆ ಇಡುವಾಗಲೂ ಹಾಗೆಯೇ. ಆದರೆ ಅದೇ ಮನೆಗಳಲ್ಲಿ ತುಲಾ ಸಂಕ್ರಮಣದ ಕಾವೇರಿ ಹಬ್ಬಕ್ಕೆ ಮಾಂಸ ಮುಟ್ಟುವುದಿಲ್ಲ. ಯಾವ ದಿನ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬ ಲೆಕ್ಕ ಹಿರಿಯರಿಗಿತ್ತು. 1854ರಲ್ಲಿ ಫೌಲರ್ ಎಂಬ ಆಂಗ್ಲ ಮಡಿಕೇರಿಯಲ್ಲಿ ಕಾಫಿ ತೋಟ ತೆರೆದ ಮೇಲೆ ಬಿಳಿಯರು ಒಬ್ಬರ ಹಿಂದೊಬ್ಬರಾಗಿ ಬಂದು ನೆಲೆಸಿದರು. ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಕೇಕಿನ ಜೊತೆ ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನು ಇಡುವುದು ರೂಢಿ. ಹೀಗೆ ಹತ್ತು ಬಗೆಯ ಜನ ಕೂಡಿ ಬಾಳುವ ಈ ಪುಟ್ಟ ಜಿಲ್ಲೆಯಲ್ಲಿ ಭರಣಿಯ ವಿದ್ಯೆ ಬೇಲಿ ದಾಟಿ ಮನೆಯಿಂದ ಮನೆಗೆ ಹೋಯಿತು. ನೆಂಟರು ಬಂದರೆ ಪುಟ್ಟ ಲೋಟದಲ್ಲಿ ಎರಡು ಗುಟುಕು, ಅಷ್ಟೇ. ಲೋಟ ತುಂಬಿಸಿದರೆ ಮನೆಯೊಡತಿಗೇ ಅವಮಾನ.

ದೂರದ ಬಾಂಬರ್ಗ್‌ನಲ್ಲಿ

ಮದ್ಯ ತಯಾರಿಕೆಯನ್ನೇ ನೋಡಲು ಜನ ದೇಶ ದೇಶಗಳಿಂದ ಹೋಗುವ ಊರೊಂದು ಜರ್ಮನಿಯಲ್ಲಿದೆ, ಬಾಂಬರ್ಗ್ ಅಂತ. ಅದರ ಹಳೆಯ ಪೇಟೆಯನ್ನು 1993ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಗುರುತಿಸಿದರು, ನಮ್ಮ ಹಂಪೆಗೆ 1986ರಲ್ಲಿ ಆ ಗೌರವ ಸಿಕ್ಕ ಹಾಗೆ. ಅಲ್ಲಿಯ ವಿಶೇಷ ಹೊಗೆಯ ವಾಸನೆಯ ಬಿಯರು.

ಹೊಗೆಯ ವಾಸನೆಯೇ ಎಂದು ಮುಖ ಸಿಂಡರಿಸಬೇಡಿ. ನಾವು ಕೂಸಿಗೆ ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಪುಡಿ ಮಾಡ್ತೀವಲ್ಲ, ಅವರು ಬಾರ್ಲಿಯನ್ನು ಹಾಗೇ ಮೊಳಕೆ ಬರಿಸುತ್ತಾರೆ. ಬಿಸಿಲು ಕಡಿಮೆಯ ದೇಶ, ಒಣಗಿಸುವುದು ಬೆಂಕಿಯ ಮೇಲೆ. ಬೀಚ್ ಎಂಬ ಮರದ ಸೌದೆಯ ಹೊಗೆ ಕಾಳಿಗೆ ಹತ್ತುತ್ತದೆ, ಕಾಳಿನಿಂದ ಬಿಯರಿಗೆ. ಮುಂದೆ ಹೊಗೆಯಿಲ್ಲದೆ ಒಣಗಿಸುವ ಒಲೆಗಳು ಬಂದಾಗ ಬೇರೆ ಊರುಗಳು ಹಳೆಯ ಪದ್ಧತಿ ಬಿಟ್ಟವು. ಬಾಂಬರ್ಗ್‌ನ ಶ್ಲೆಂಕರ್ಲಾ, ಸ್ಪೆಜಿಯಲ್ ಎಂಬ ಎರಡು ಹಳೆಯ ಮನೆತನದ ತಯಾರಕರು ಮಾತ್ರ ಬಿಡಲಿಲ್ಲ. ಶ್ಲೆಂಕರ್ಲಾ ಇರುವ ಮನೆಯ ಹೆಸರು 1405ರ ದಾಖಲೆಯಲ್ಲೇ ಬರುತ್ತದೆ ಎಂದರೆ ನೋಡಿ!

ನನಗೆ ಬೆರಗಾದದ್ದು ಇನ್ನೊಂದು ಸಂಗತಿಗೆ. ಬಾಂಬರ್ಗ್ ಈಗ ಸೇರಿರುವ ಬವೇರಿಯಾ ಪ್ರಾಂತ್ಯದಲ್ಲಿ 1516ರಲ್ಲೇ ಅಲ್ಲಿಯ ದೊರೆ ಒಂದು ಕಟ್ಟಳೆ ಹೊರಡಿಸಿದ. ಬಿಯರಿಗೆ ಬಾರ್ಲಿ, ಹಾಪ್ಸ್ ಎಂಬ ಬಳ್ಳಿಯ ಹೂವು, ನೀರು, ಇಷ್ಟೇ ಹಾಕಬೇಕು. ಬೇರೇನನ್ನೂ ಬೆರೆಸಕೂಡದು. ಇಂಥ ಕಾಲದಲ್ಲಿ ಇಂತಿಷ್ಟೇ ಬೆಲೆ ಎಂದೂ ಅದರಲ್ಲೇ ಬರೆದಿತ್ತು. ಅಂದರೆ 500 ವರ್ಷಗಳ ಹಿಂದೆಯೇ ಅಲ್ಲಿಯವರಿಗೆ ಲೋಟದಲ್ಲಿ ಏನಿದೆ ಎಂದು ಕೇಳುವ ಹಕ್ಕಿತ್ತು!

ಇನ್ನೂ ಒಂದು ಮಾತಿದೆ. ಯೂರೋಪಿನಲ್ಲೂ ಮೊದಮೊದಲು ಮನೆಯ ಬಿಯರು ಮಾಡುತ್ತಿದ್ದವರು ಹೆಂಗಸರೇ. ರೊಟ್ಟಿ ಸುಡುವ ಹಾಗೆ ಅದೂ ಅಡಿಗೆಮನೆಯ ಕೆಲಸ. ಅದು ಲಾಭದ ದೊಡ್ಡ ವ್ಯಾಪಾರವಾದಾಗ ಗಂಡಸರ ಕೈಗೆ, ಅವರ ಸಂಘಗಳ ಕೈಗೆ ಹೋಯಿತು. ಹೆಂಗಸಿನ ಕೆಲಸಕ್ಕೆ ಬೆಲೆ ಬಂದ ದಿನವೇ ಅದು ಅವಳದಲ್ಲದೆ ಹೋಗುವುದು ಎಲ್ಲ ದೇಶಗಳ ಕಥೆಯೇ ಇರಬೇಕು!

ಗುರುತು ಸಿಕ್ಕದ ವೈನು

ನಮ್ಮಲ್ಲಿ ಆದದ್ದೂ ಅದೇ. ಪ್ರವಾಸಿಗಳು ಹೆಚ್ಚಿದಂತೆ ಮನೆ ವೈನಿಗೆ ಗಿರಾಕಿ ಬಂದರು. ನಾಲ್ಕು ಕಾಸು ಕೈಗೆ ಸಿಕ್ಕೀತೆಂದು ಕೆಲವು ಹೆಂಗಸರು ಅಂಗಡಿಗಳಿಗೆ ಕೊಡಲು ಶುರುಮಾಡಿದರು. ಹಾಗೆ ಕೊಟ್ಟು ಆಮೇಲೆ ನಿಲ್ಲಿಸಿದ ಒಬ್ಬಾಕೆ ಹೇಳಿದ್ದು ಕೇಳಿ. ಅವರು ಕೊಟ್ಟ ನೆಲ್ಲಿಕಾಯಿ ವೈನು ತಿಳಿ ಕಂದು ಬಣ್ಣದ್ದು. ಕೆಲವು ತಿಂಗಳ ಮೇಲೆ ದೂರದ ನೆಂಟರೊಬ್ಬರು ಅದೇ ಅಂಗಡಿಯಿಂದ ಕೊಂಡ ಬಾಟಲಿ ತೋರಿಸಿದರಂತೆ. "ಬಾಟಲಿ ನಂದೇ ಅಕ್ಕಾ, ಕುತ್ತಿಗೆಗೆ ಕಟ್ಟಿದ ದಾರವೂ ನಂದೇ. ಒಳಗಿದ್ದದ್ದು ಮಾತ್ರ ನಂದಲ್ಲ. ಕೆಂಪಗೆ, ಶರಬತ್ತಿನ ಬಣ್ಣ!" ಎಂದರು ಅವರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದ ಹಿರಿಯರು, ಕೆಂಪಗಿರುವುದೆಲ್ಲ ದ್ರಾಕ್ಷಿಯಲ್ಲ ಎಂದೂ ಹೇಳಬಹುದಿತ್ತು.

ಹೋಗಿ ಜಗಳವಾಡಬಾರದಿತ್ತೇ ಎಂದರೆ, ಹೇಗೆ ಆಡುತ್ತಾರೆ? 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದೂ ಮಾರುವುದೂ ಅಪರಾಧ. ಮನೆಯಲ್ಲಿ ಮಾಡಿದ್ದು, ಹಣ್ಣಿನದು ಎಂದರೆ ಕಾಯ್ದೆ ಒಪ್ಪುವುದಿಲ್ಲ. 2007ರಲ್ಲಿ ರಾಜ್ಯ ಸರಕಾರ ವೈನಿಗೆಂದೇ ಒಂದು ನೀತಿ ತಂದಿತು. ಅದು ದ್ರಾಕ್ಷಿ ಬೆಳೆಗಾರರಿಗೂ ದ್ರಾಕ್ಷಿ ವೈನಿನ ಕಾರ್ಖಾನೆಗಳಿಗೂ ಉತ್ತೇಜನ ಕೊಡಲೆಂದು ತಂದದ್ದು. ಅಡಿಗೆಮನೆಯ ಭರಣಿ ಆ ಲೆಕ್ಕದಲ್ಲಿ ಬರಲಿಲ್ಲ. ಹೀಗಾಗಿ ಒಳ್ಳೆಯ ಕೈಯವರು ಹೆಸರು ಹೇಳಲು ಹೆದರುತ್ತಾರೆ, ಕೆಟ್ಟ ಕೈಯವರು ಆ ಮರೆಯಲ್ಲಿ ನಿಶ್ಚಿಂತೆಯಾಗಿ ವ್ಯಾಪಾರ ಮಾಡುತ್ತಾರೆ.

ಕಾಯ್ದೆಯನ್ನು ಬೈಯಬೇಕೆಂದಲ್ಲ. ಬೆರಕೆ ಎಂಬುದು ಎಷ್ಟು ಘೋರ ಎಂದು ಕರ್ನಾಟಕ ಕಂಡಿದೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮೀಥೈಲ್ ಆಲ್ಕೊಹಾಲ್ ಬೆರೆತ ಕಳ್ಳ ಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಕೂಲಿ ಮಾಡುವ ಬಡವರು. ಇನ್ನು ಪ್ಯಾಕೆಟ್ ಸಾರಾಯಿ ಎಷ್ಟು ಮನೆಗಳ ಒಲೆ ಆರಿಸಿತು ಎಂದು ನಿಮಗೆ ನಾನು ಹೇಳಬೇಕೆ? ಕೂಲಿಯ ದಿನ ಸಂಜೆ ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲ ಹಿಂದೆ ನಿಂತ ತಾಯಂದಿರು ತೋಟದ ಲೈನ್ ಮನೆಗಳಲ್ಲೂ ಇದ್ದರು, ಬಯಲುಸೀಮೆಯ ಹಳ್ಳಿಗಳಲ್ಲೂ ಇದ್ದರು. ಊರೂರಿನ ಹೆಂಗಸರು ಬೀದಿಗಿಳಿದು ಕೂಗಿದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಮದ್ಯವೇನೂ ನಿಲ್ಲಲಿಲ್ಲ, ನಿಜ. ಆದರೂ ನಮ್ಮ ಮನೆಯೊಳಗೆ ಏನು ಬರಬೇಕೆಂದು ಹೇಳುವ ಹಕ್ಕು ನಮಗಿದೆ ಎಂದು ಆ ಹೆಂಗಸರು ತೋರಿಸಿಕೊಟ್ಟರು.

ನೀವು ಮಾಡಬೇಕಾದ್ದು

ಕುಡಿಯುವುದು ಬಿಡುವುದು ನಿಮ್ಮ ನಿಮ್ಮ ಮನೆಯ ವಿಚಾರ. ಆದರೆ ಚೀಲದಿಂದ ಆ ಬಾಟಲಿ ಹೊರಬಂದಾಗ ಇಷ್ಟು ನೆನಪಿರಲಿ.

ಒಂದು, ಅದು ಮದ್ಯವೇ. ಮಕ್ಕಳಿಗೆ ಒಂದು ಚಮಚವೂ ಬೇಡ. ಬಸುರಿಗೆ, ಬಾಣಂತಿಗೆ, ಮೊಲೆಯೂಡಿಸುವ ತಾಯಿಗೆ 'ರಕ್ತ ಆಗಲಿ' ಎಂದು ಕೊಡಲೇಬೇಡಿ. ರಕ್ತ ಆಗಬೇಕಾದರೆ ಸೊಪ್ಪು, ಬೆಲ್ಲ, ಕಾಳು, ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ಇವೆ.

ಎರಡು, ಸಕ್ಕರೆ ಕಾಯಿಲೆ ಇರುವವರು, ದಿನಾ ಔಷಧಿ ತೆಗೆದುಕೊಳ್ಳುವವರು 'ಹಣ್ಣಿನದಲ್ಲವೇ' ಎಂದು ಮೋಸ ಹೋಗಬಾರದು. ಎಷ್ಟೋ ಮಾತ್ರೆಗಳಿಗೂ ಮದ್ಯಕ್ಕೂ ಆಗಿಬರುವುದಿಲ್ಲ. ಆರೋಗ್ಯಕ್ಕೆ ನಿರಪಾಯ ಎನ್ನಬಹುದಾದ ಮದ್ಯದ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಮೂರು, ಬಾಟಲಿ ತಿರುಗಿಸಿ ಓದಿ. ಮದ್ಯಸಾರ ಎಷ್ಟಿದೆ ಎಂಬ ಅಂಕಿ, ಎಚ್ಚರಿಕೆಯ ಮಾತು ಬಾಟಲಿಯ ಮೇಲೆ ಇರಲೇಬೇಕೆಂದು 2018ರ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಹೆಸರು, ವಿಳಾಸ, ತಾರೀಖು ಏನೂ ಇಲ್ಲದ ಬಾಟಲಿಯನ್ನು ಮನೆಗೆ ತರಬೇಡಿ. ಬಣ್ಣ ಕಣ್ಣು ಕುಕ್ಕುವ ಹಾಗಿದ್ದರಂತೂ ಕೈಯಲ್ಲೂ ಹಿಡಿಯಬೇಡಿ.

ನಾಲ್ಕು, ಗಾಡಿ ಓಡಿಸುವವರಿಗೆ 'ರುಚಿ ನೋಡಿ' ಎಂದೂ ಕೊಡಬೇಡಿ. ನಮ್ಮ ಘಾಟಿ ರಸ್ತೆಯ ತಿರುವುಗಳಿಗೆ ಎರಡು ಗುಟುಕಿನ ಲೆಕ್ಕವೂ ಗೊತ್ತಾಗುತ್ತದೆ.

ಮತ್ತಿಲ್ಲದ ಶುಂಠಿ ಶರಬತ್ತು

ಕೊಡಗಿನ ರುಚಿ ಬೇಕು, ಮತ್ತು ಬೇಡ ಎನ್ನುವವರಿಗೆ ಇದನ್ನು ಕೊಡುತ್ತಿದ್ದೇನೆ. ಎಳೆ ಶುಂಠಿ 100 ಗ್ರಾಂ, ಸಕ್ಕರೆ 500 ಗ್ರಾಂ, ನೀರು 2 ಲೋಟ, ನಿಂಬೆಹಣ್ಣು 6, ಏಲಕ್ಕಿ 4, ಚಿಟಿಕೆ ಉಪ್ಪು.

ಶುಂಠಿ ಕೆರೆದು ತೊಳೆದು, ಸ್ವಲ್ಪ ನೀರು ಚಿಮುಕಿಸಿ ರುಬ್ಬಿ ಬಟ್ಟೆಯಲ್ಲಿ ಹಿಂಡಿ. ರಸವನ್ನು 20 ನಿಮಿಷ ಅಲುಗಿಸದೆ ಇಟ್ಟರೆ ಬಿಳಿಯ ಹಿಟ್ಟು ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಸಕ್ಕರೆ, ನೀರು ಕುದಿಸಿ ಕೈಗೆ ಅಂಟುವ ಹದಕ್ಕೆ ಬಂದಾಗ ಶುಂಠಿ ತಿಳಿ, ಏಲಕ್ಕಿ ಪುಡಿ, ಉಪ್ಪು ಹಾಕಿ ಇನ್ನೆರಡು ಕುದಿ ಬರಿಸಿ. ಪೂರ್ತಿ ಆರಿದ ಮೇಲೆ ನಿಂಬೆರಸ ಸೋಸಿ ಸೇರಿಸಿ, ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಸೀಸೆಗೆ ತುಂಬಿ. ಫ್ರಿಜ್ಜಿನಲ್ಲಿಟ್ಟು ಮೂರು ವಾರದೊಳಗೆ ಮುಗಿಸಿ. ಒಂದು ಲೋಟ ತಣ್ಣೀರಿಗೆ ಎರಡು ದೊಡ್ಡ ಚಮಚ ಸಾಕು. ಮಳೆಗಾಲದಲ್ಲಿ ಬಿಸಿನೀರಿಗೂ ಹಾಕಿ ಕುಡಿಯಬಹುದು. ಸೀಸೆಯಲ್ಲಿ ಗುಳ್ಳೆ ಏಳುವುದು ಕಂಡರೆ ಮಾತ್ರ ಚೆಲ್ಲಿಬಿಡಿ. ಯಾಕೆಂದು ಈಗ ನಿಮಗೇ ಗೊತ್ತಲ್ಲ!

ಬೇಕಾದರೆ ಸೀಸೆಗೊಂದು ಚೀಟಿ ಅಂಟಿಸಿ, ಏನೇನು ಹಾಕಿದ್ದೀರಿ, ಯಾವತ್ತು ಮಾಡಿದ್ದು ಎಂದು ಬರೆದು, ಕೆಳಗೆ ನಿಮ್ಮ ಹೆಸರನ್ನೂ ಬರೆಯಿರಿ. ನೆಂಟರಿಗೆ ಕೊಟ್ಟರೆ ಅವರು ಸಂತೋಷದಿಂದ ಓದಿಯಾರು. ಕೈಯಿಂದ ಮಾಡಿದ್ದಕ್ಕೆ ಹೆಸರು ಹಾಕುವ ಧೈರ್ಯ ಇರಬೇಕು, ಹೆಸರಿಲ್ಲದ್ದನ್ನು ಮನೆಗೆ ಬಿಟ್ಟುಕೊಳ್ಳದ ಎಚ್ಚರವೂ ಇರಬೇಕು. ಎರಡೂ ಗೃಹಿಣಿಗೆ ಸೇರಿದ್ದೇ.